ರಾದೊನೆಜ್‌ನ ಸಂತ ಸೆರ್ಗೆಯ್ ಐಕಾನ್ ಬರೆಯುವುದು: ಹಲಗೆಯಿಂದ ಮುಖದವರೆಗೆ

ಐಕಾನ್ (ಆರ್ಥೊಡಾಕ್ಸ್ ಕ್ರೈಸ್ತರು ಮರದ ಹಲಗೆಯ ಮೇಲೆ ಬರೆಯುವ ಸಂತರ ಪವಿತ್ರ ಚಿತ್ರ) ಬರೆಯಲು ಹೊರಟವರಿಗೆಲ್ಲ ಮೊದಲು ಮುಖ ಬರೆಯುವ ಆಸೆ. ಕಣ್ಣು ಸೆಳೆಯುವುದೇ ಅದು, ಅಲ್ವಾ? ಆದರೆ ರಷ್ಯಾದ ಹಳೆ ಕ್ರಮದಲ್ಲಿ ಮುಖದ ಸರದಿ ಬರುವುದು ಕಟ್ಟಕಡೆಗೆ. ಹಲಗೆ, ಬಟ್ಟೆ, ಬಿಳಿ ಲೇಪ, ಗೆರೆ, ಹಿನ್ನೆಲೆ, ಉಡುಪು ಎಲ್ಲ ಮುಗಿಯಬೇಕು. ಹಳೆಯ ಕೆಲಸದ ಮನೆಗಳಲ್ಲಿ ಈ ಮೊದಲ ಕೆಲಸ ಮಾಡುವವರೇ ಬೇರೆ, ಮುಖ ಮತ್ತು ಕೈ ಬರೆಯುವವರೇ ಬೇರೆ. ಪಾಲೆಖ್, ಮ್ಸ್ತ್ಯೋರಾದಂಥ ಐಕಾನ್ ಊರುಗಳಲ್ಲಿ ಮುಖ ಬರೆಯುವವನಿಗೆ ‘ಲಿಚ್ನಿಕ್’ ಎನ್ನುತ್ತಿದ್ದರು. ಹಲಗೆ ಸರಿಯಿಲ್ಲದಿದ್ದರೆ ಅವನ ಕೈಚಳಕವೂ ನಿಲ್ಲುವುದಿಲ್ಲ. ಕೆಲವು ವರ್ಷಕ್ಕೆ ಬಣ್ಣ ಹಕ್ಕಳೆಯಾಗಿ ಏಳುತ್ತದೆ.

ಹಾಗಾಗಿ ಈ ಲೇಖನದಲ್ಲೂ ಅರ್ಧ ಪಾಲು ಬಣ್ಣ ಮುಟ್ಟುವ ಮೊದಲಿನ ಕೆಲಸಕ್ಕೇ ಹೋಗುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ಮೊದಲ ಐಕಾನಿಗೆ ಸನ್ಯಾಸಿ ಸಂತರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕವಚವಿಲ್ಲ, ಕುದುರೆಯಿಲ್ಲ, ಬಿಷಪ್ಪರ ಕಸೂತಿ ನಿಲುವಂಗಿಯಿಲ್ಲ. ಮಣ್ಣಿನ ಬಣ್ಣದ ಬಟ್ಟೆ, ಗಡ್ಡ, ಎರಡು ಕೈ. ಇಲ್ಲಿ ತೆಗೆದುಕೊಂಡಿರುವುದು ರಾದೊನೆಜ್‌ನ ಸೆರ್ಗೆಯ್ ಅವರನ್ನು. 14ನೇ ಶತಮಾನದ ರಷ್ಯನ್ ಸನ್ಯಾಸಿ. ಅಣ್ಣ ಸ್ತೆಫಾನ್ ಜೊತೆ ಕಾಡಿಗೆ ಹೋಗಿ ಮಕೊವೆತ್ಸ್ ಗುಡ್ಡದ ಮೇಲೆ ಮರದ ಪುಟ್ಟ ಚರ್ಚ್ ಕಟ್ಟಿದರು. ಅದು ಬೆಳೆದು ಇವತ್ತು ಮಾಸ್ಕೋದಿಂದ ಸುಮಾರು 70 ಕಿ.ಮೀ. ದೂರದ ಸೆರ್ಗಿಯೆವ್ ಪೊಸಾದ್‌ನಲ್ಲಿರುವ ತ್ರಿತ್ವ ಮಠವಾಗಿದೆ. 1392ರಲ್ಲಿ ತೀರಿಕೊಂಡರು.

ಮಾದರಿ

ಮೊದಲು ಒಂದು ಹಳೆಯ ಐಕಾನಿನ ಒಳ್ಳೆಯ ಫೋಟೊ ಹುಡುಕಿ. ಸ್ವಂತ ಕಲ್ಪನೆ ಇಲ್ಲಿ ಬೇಡ. ಇದು ನನ್ನ ಮಾತಲ್ಲ. 1551ರಲ್ಲಿ ಮಾಸ್ಕೋದಲ್ಲಿ ಸೇರಿದ ಚರ್ಚಿನ ಸ್ತೊಗ್ಲಾವ್ ಸಭೆಯೇ ‘ಹಳೆಯ ಮಾದರಿ ನೋಡಿ ಬರೆಯಿರಿ, ಆಂದ್ರೇಯ್ ರುಬ್ಲ್ಯೋವ್ (ಹಿಂದಿನ ಹೆಸರಾಂತ ಐಕಾನ್ ಚಿತ್ರಕಾರ) ಬರೆದ ಹಾಗೆ ಬರೆಯಿರಿ, ನಿಮ್ಮ ಊಹೆ ಸೇರಿಸಬೇಡಿ’ ಎಂಬ ಅರ್ಥದ ಕಟ್ಟಳೆ ಮಾಡಿತು. ಚಿತ್ರಕಾರರ ಬಳಿ ‘ಪೊದ್ಲಿನ್ನಿಕ್’ ಎಂಬ ಕೈಪಿಡಿಗಳಿರುತ್ತಿದ್ದವು. ಯಾವ ಸಂತನಿಗೆ ಎಂಥ ಗಡ್ಡ, ಯಾವ ಬಣ್ಣದ ನಿಲುವಂಗಿ ಎಂದು ಅದರಲ್ಲಿ ಬರೆದಿರುತ್ತಿತ್ತು. ಗಡ್ಡದ ವಿವರವಂತೂ ಮಜವಾಗಿರುತ್ತಿತ್ತು: ‘ಗಡ್ಡ ವ್ಲಾಸಿಯ್‌ನದರ ಹಾಗೆ’ ಎಂದು ಇನ್ನೊಬ್ಬ ಸಂತನ ಗಡ್ಡ ತೋರಿಸಿ ಮುಗಿಸುತ್ತಿದ್ದರು.

ಸೆರ್ಗೆಯ್ ವಿಷಯದಲ್ಲಿ ನಮಗೊಂದು ಅದೃಷ್ಟವಿದೆ. ಅವರ ಸಮಾಧಿಗೆ ಹೊದಿಸಲೆಂದು 1420ರ ದಶಕದಲ್ಲಿ ಕಸೂತಿ ಹಾಕಿದ ಬಟ್ಟೆಯೊಂದು ಸೆರ್ಗಿಯೆವ್ ಪೊಸಾದ್ ಮ್ಯೂಸಿಯಂನಲ್ಲಿ ಉಳಿದಿದೆ. ಅವರನ್ನು ಕಣ್ಣಾರೆ ಕಂಡವರು ಆಗಿನ್ನೂ ಬದುಕಿದ್ದರು. ದುಂಡನೆಯ ಕಂದು ಗಡ್ಡ, ಒಂದಕ್ಕೊಂದು ಹತ್ತಿರವಿರುವ ಕಣ್ಣುಗಳು, ನೇರ ನೋಟ. ಯಾವ ಮಾದರಿ ಆರಿಸಿದರೂ ಈ ಬಟ್ಟೆಯ ಫೋಟೊ ಪಕ್ಕದಲ್ಲಿ ಇಟ್ಟುಕೊಳ್ಳಿ.

ತಾತಗುಣಿ ತೋಟದ ರೋರಿಕ್ ಕುಟುಂಬದ ಹೆಸರು ನಮ್ಮಲ್ಲಿ ಅನೇಕರಿಗೆ ಗೊತ್ತು. ಸ್ವೆತೊಸ್ಲಾವ್ ಅವರ ತಂದೆ ನಿಕೊಲಾಯ್ ರೋರಿಕ್ 1932ರಲ್ಲಿ ಬರೆದ ಸೆರ್ಗೆಯ್ ಚಿತ್ರವೂ ಹೆಸರುವಾಸಿ. ನೋಡಲು ಚೆನ್ನ, ಆದರೆ ಅದು ಐಕಾನ್ ಅಲ್ಲ, ಪೇಂಟಿಂಗ್. ಮಾದರಿಗೆ ಬೇಡ.

ಎದೆಯವರೆಗಿನ ಚಿತ್ರ ಸಾಕು. ಸುತ್ತಲೂ ಜೀವನದ ಘಟನೆಗಳ ಚಿಕ್ಕ ಚೌಕಗಳಿರುವ ಐಕಾನ್ ಕಂಡರೆ ಆಸೆಯಾಗುತ್ತದೆ. ಅದನ್ನು ನಾಲ್ಕೈದು ಐಕಾನ್ ಆದ ಮೇಲೆ ನೋಡೋಣ.

ಹಲಗೆ

ರಷ್ಯಾದಲ್ಲಿ ಲಿಂಡನ್ ಮರ ಬಳಸುತ್ತಾರೆ. ಮೆದು, ರಾಳ ಇಲ್ಲ, ಸುಲಭವಾಗಿ ಸೊಟ್ಟಗಾಗುವುದಿಲ್ಲ. ನಮ್ಮಲ್ಲಿ ಅದು ಸಿಗುವುದು ಕಷ್ಟ. 18 ಮಿ.ಮೀ.ನ ಒಳ್ಳೆ ಬರ್ಚ್ ಪ್ಲೈವುಡ್ ಅಭ್ಯಾಸಕ್ಕೆ ಧಾರಾಳ. ತೇಗ ಬೇಡವೇ ಬೇಡ. ಅದರಲ್ಲಿ ಎಣ್ಣೆಯಂಶ ಜಾಸ್ತಿ, ಅಂಟು ಹಿಡಿಯುವುದಿಲ್ಲ. ಅಳತೆ 25×30 ಸೆಂ.ಮೀ. ಇರಲಿ.

ಪ್ಲೈವುಡ್ ಬದಲು ಇಡೀ ಮರದ ಹಲಗೆ ಸಿಕ್ಕಿದರೆ ಹಿಂಭಾಗಕ್ಕೆ ಅಡ್ಡಲಾಗಿ ಎರಡು ಪಟ್ಟಿ ಕೂರಿಸಬೇಕು. ಅವಕ್ಕೆ ಅಂಟು, ಮೊಳೆ ಹಾಕಬಾರದು. ಕೊರೆದ ತೋಡಿನಲ್ಲಿ ಜಾರಿಸಿ ಕೂರಿಸಿದರೆ ಮರ ಹಿಗ್ಗಿದಾಗ, ಕುಗ್ಗಿದಾಗ ಆಡಲು ಜಾಗ ಇರುತ್ತದೆ. ಮುಂಭಾಗದಲ್ಲಿ ಅಂಚಿನಿಂದ ಎರಡೂವರೆ ಸೆಂ.ಮೀ. ಬಿಟ್ಟು ಒಳಗಿನ ಚೌಕವನ್ನು 2 ಮಿ.ಮೀ. ಆಳಕ್ಕೆ ಕೆತ್ತುತ್ತಾರೆ. ಈ ತಗ್ಗಿಗೆ ‘ಕೊವ್ಚೆಗ್’ ಎಂದು ಹೆಸರು. ಪ್ಲೈವುಡ್‌ನಲ್ಲಿ ಇದನ್ನು ಬಡಗಿಯಿಂದ ರೌಟರ್ ಮೆಷಿನ್‌ನಲ್ಲಿ ಮಾಡಿಸಿ, ಅಥವಾ ಬಿಟ್ಟುಬಿಡಿ. ಚಪ್ಪಟೆ ಹಲಗೆಯ ಐಕಾನ್‌ಗಳೂ ಬೇಕಾದಷ್ಟಿವೆ.

ಸೆರ್ಗೆಯ್ ಸ್ವತಃ ಬಡಗಿ ಕೆಲಸ ಬಲ್ಲವರು. ಮಠದಲ್ಲಿ ಊಟಕ್ಕಿಲ್ಲದ ದಿನಗಳಲ್ಲಿ ದಾನಿಲ್ ಎಂಬ ಹಿರಿಯ ಸನ್ಯಾಸಿಯ ಕೋಣೆಗೆ ಮುಂಗಟ್ಟು ಕಟ್ಟಿಕೊಟ್ಟು, ಕೂಲಿಯಾಗಿ ಬೂಷ್ಟು ಹಿಡಿದ ರೊಟ್ಟಿ ಚೂರು ಪಡೆದರು ಎಂದು ಅವರ ಚರಿತ್ರೆ ಹೇಳುತ್ತದೆ. ಕೆಲಸ ಮುಗಿಯುವವರೆಗೆ ರೊಟ್ಟಿ ಮುಟ್ಟಲಿಲ್ಲವಂತೆ.

ಅಂಟು, ಬಟ್ಟೆ, ಲೆವ್ಕಾಸ್

ಐಕಾನಿನ ಬಿಳಿ ಲೇಪಕ್ಕೆ ‘ಲೆವ್ಕಾಸ್’ ಎನ್ನುತ್ತಾರೆ. ಚಾಕ್ ಪುಡಿ ಮತ್ತು ಪ್ರಾಣಿಯ ಚರ್ಮದ ಅಂಟು, ಅಷ್ಟೇ. ಹೇಳಲು ಎರಡೇ ಪದಾರ್ಥ, ಆದರೆ ಎಲ್ಲರೂ ಎಡವುವುದು ಇಲ್ಲೇ.

ಮೊಲದ ಚರ್ಮದ ಅಂಟು ಹರಳಿನ ರೂಪದಲ್ಲಿ ಕಲಾ ಸಾಮಗ್ರಿ ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಲೀಟರ್ ನೀರಿಗೆ 70 ಗ್ರಾಂ ಹಾಕಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಉಬ್ಬಿಕೊಂಡಿರುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಈ ಪಾತ್ರೆ ಇಟ್ಟು ಕರಗಿಸಿ. 60 ಡಿಗ್ರಿ ದಾಟಬಾರದು. ಕುದಿ ಬಂತೋ, ಅಂಟಿನ ಶಕ್ತಿ ಹೋಯಿತು ಎಂದೇ ಲೆಕ್ಕ.

ಬಿಸಿ ಅಂಟನ್ನು ಹಲಗೆಗೆ ಒಂದು ಸಲ ಬಳಿದು ಒಣಗಲು ಬಿಡಿ. ಮರ ಅದನ್ನು ಕುಡಿದುಕೊಳ್ಳುತ್ತದೆ. ಮಾರನೆಯ ದಿನ ಹಳೆಯ ಹತ್ತಿ ಅಥವಾ ಲಿನನ್ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ, ಹಿಂಡಿ, ಹಲಗೆ ಮೇಲೆ ಹಾಸಿ. ನಡುವಿನಿಂದ ಅಂಚಿನ ಕಡೆಗೆ ಕೈಯಿಂದ ಸವರುತ್ತಾ ಗಾಳಿ ಹೊರಗೆ ಹಾಕಿ. ಕೊವ್ಚೆಗ್‌ನ ಮೂಲೆಗಳಲ್ಲಿ ಬಟ್ಟೆ ಎದ್ದು ನಿಲ್ಲುತ್ತದೆ, ಉಗುರಿನಿಂದ ಒತ್ತಿ ಕೂರಿಸಿ. ಹೊಸ ಬಟ್ಟೆಯಾದರೆ ಮೊದಲೇ ಒಗೆದು ಗಂಜಿ ತೆಗೆದಿರಬೇಕು.

ಈಗ ಚಾಕ್ ಪುಡಿ. ಶಾಲೆಯ ಸೀಮೆಸುಣ್ಣ ಕುಟ್ಟಿ ಪುಡಿ ಮಾಡಬೇಡಿ. ಅವುಗಳಲ್ಲಿ ಎಷ್ಟೋ ಜಿಪ್ಸಂನಿಂದ ಮಾಡಿದವು, ಅಂಟಿನ ಜೊತೆ ಅದರ ವರ್ತನೆಯೇ ಬೇರೆ. ಬೇಕಿರುವುದು ನುಣ್ಣನೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ. ಬೆಚ್ಚಗಿನ ಅಂಟಿಗೆ ಅದನ್ನು ಜರಡಿಯಿಂದ ಸ್ವಲ್ಪಸ್ವಲ್ಪವಾಗಿ ಉದುರಿಸಿ. ಕಲಕಬೇಡಿ. ಪುಡಿ ತಾನಾಗಿ ಮುಳುಗುತ್ತದೆ. ಮುಳುಗದೆ ಮೇಲೆ ಪುಟ್ಟ ಗುಡ್ಡೆ ನಿಲ್ಲಲು ಶುರುವಾದಾಗ ನಿಲ್ಲಿಸಿ, ಆಮೇಲೆ ಮೆಲ್ಲಗೆ ತಿರುಗಿಸಿ. ನೀರುದೋಸೆ ಹಿಟ್ಟಿನ ಹದ ಬರಬೇಕು. ಜೋರಾಗಿ ಕಲಕಿದರೆ ಗಾಳಿ ಗುಳ್ಳೆ ಸೇರಿಕೊಂಡು ಒಣಗಿದ ಮೇಲೆ ಸೂಜಿ ತೂತುಗಳಾಗುತ್ತವೆ. ಆ ತೂತುಗಳ ಮೇಲೆ ಎಷ್ಟು ಲೇಪ ಹಾಕಿದರೂ ಮತ್ತೆ ಬಾಯಿ ತೆರೆಯುತ್ತವೆ. ಅದಕ್ಕೇ ಮೊದಲ ಲೇಪವನ್ನು ಬ್ರಷ್ ಬಿಟ್ಟು ಬೆರಳಲ್ಲೇ ತಿಕ್ಕಿ ಹಚ್ಚುವುದು ಒಳ್ಳೆಯದು.

ಒಟ್ಟು ಎಂಟರಿಂದ ಹನ್ನೆರಡು ತೆಳು ಲೇಪ. ಒಂದು ಉದ್ದಕ್ಕೆ ಹಾಕಿದರೆ ಮುಂದಿನದು ಅಡ್ಡಕ್ಕೆ. ಅಂಗೈ ಹಿಂಭಾಗ ತಾಗಿಸಿದಾಗ ತಣ್ಣಗೆ ಅನ್ನಿಸದಿದ್ದರೆ ಮುಂದಿನ ಲೇಪಕ್ಕೆ ಹೋಗಬಹುದು. ಬೇಗ ಒಣಗಲಿ ಎಂದು ಬಿಸಿಲಿಗಿಡುವುದು, ಹೇರ್ ಡ್ರೈಯರ್ ಹಿಡಿಯುವುದು ಮಾಡಿದರೆ ಬಿರುಕು ಗ್ಯಾರಂಟಿ. ಮೇಲಿನ ಲೇಪಕ್ಕೆ ಕೆಳಗಿನದಕ್ಕಿಂತ ಗಟ್ಟಿ ಅಂಟು ಹಾಕಿದರೂ ಬಿರುಕೇ. ಮೇಲಿನದು ಕುಗ್ಗುವಾಗ ಕೆಳಗಿನದನ್ನು ಎಳೆಯುತ್ತದೆ. ಎಲ್ಲ ಲೇಪಕ್ಕೂ ಒಂದೇ ಅಂಟು ಬಳಸಿ. ಉಳಿದದ್ದು ಫ್ರಿಜ್‌ನಲ್ಲಿರಲಿ, ವಾಸನೆ ಬಂದರೆ ಚೆಲ್ಲಿ.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಹಂತಕ್ಕೆ ಕೈ ಹಾಕಬೇಡಿ. ಲೇಪ ಒಣಗುವ ಮೊದಲೇ ಬೂಷ್ಟು ಬರುತ್ತದೆ.

ಪೂರ್ತಿ ಒಣಗಿದ ಮೇಲೆ 180, 320, 600 ನಂಬರಿನ ಸ್ಯಾಂಡ್ ಪೇಪರ್‌ನಿಂದ ಕ್ರಮವಾಗಿ ಉಜ್ಜಿ. ಮಾಸ್ಕ್ ಹಾಕಿಕೊಳ್ಳಿ. ದೀಪವನ್ನು ಪಕ್ಕದಿಂದ ಹಿಡಿದು ನೋಡಿದಾಗ ಉಬ್ಬುತಗ್ಗು ಕಾಣಬಾರದು.

ಗೆರೆ

ಮುಖದ ಅಳತೆಗೆ ಹಳೆಯದೊಂದು ಲೆಕ್ಕವಿದೆ. ಮೂಗಿನ ಉದ್ದವನ್ನು ಒಂದು ಅಳತೆ ಎಂದುಕೊಳ್ಳಿ. ಎರಡು ಕಣ್ಣಿನ ನಡುವೆ, ಮೂಗಿನ ಬುಡದಲ್ಲಿ ಕೈವಾರದ ಮುಳ್ಳು ಊರಿ. ಒಂದು ಮೂಗಿನ ಅಳತೆಗೆ ಎಳೆದ ವೃತ್ತದೊಳಗೆ ಹಣೆ, ಕೆನ್ನೆ ಬರುತ್ತವೆ. ಎರಡು ಮೂಗಿನ ವೃತ್ತಕ್ಕೆ ತಲೆಗೂದಲು, ಗಡ್ಡ. ಮೂರನೆಯದೇ ಪ್ರಭಾವಳಿ. 25×30ರ ಹಲಗೆಗೆ ಮೂಗು 2 ಸೆಂ.ಮೀ. ಇಟ್ಟರೆ ಪ್ರಭಾವಳಿ 12 ಸೆಂ.ಮೀ. ಅಗಲ ಬರುತ್ತದೆ, ಸರಿಯಾಗಿ ಕೂರುತ್ತದೆ. ಎಲ್ಲ ಐಕಾನ್‌ಗಳೂ ಈ ಲೆಕ್ಕಕ್ಕೆ ಕಟ್ಟುಬಿದ್ದಿಲ್ಲ. ನಿಮ್ಮ ಮಾದರಿಯ ಮೇಲೆ ವೃತ್ತ ಹಾಕಿ ನೋಡಿ, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಮಾದರಿಯ ಮಾತೇ ಕೊನೆ.

ಗೆರೆಯನ್ನು ಟ್ರೇಸಿಂಗ್ ಪೇಪರಿನಲ್ಲಿ ತೆಗೆದು, ಹಿಂಬದಿಗೆ ಕೆಂಪು ಮಣ್ಣಿನ ಪುಡಿ ತಿಕ್ಕಿ, ಹಲಗೆಗೆ ಇಳಿಸಿ. ಆಮೇಲೆ ಸೂಜಿಯಿಂದ ಮುಖ್ಯ ಗೆರೆಗಳನ್ನು ಸಣ್ಣಗೆ ಗೀರಿ. ಮೇಲೆ ಬಣ್ಣ ಬಿದ್ದಾಗ ಪೆನ್ಸಿಲ್ ಗೆರೆ ಮಾಯವಾಗುತ್ತದೆ, ಗೀರು ಉಳಿಯುತ್ತದೆ.

ಬಲಗೈ ಆಶೀರ್ವಾದದ ಮುದ್ರೆಯಲ್ಲಿರುತ್ತದೆ. ಬೆರಳುಗಳನ್ನು ಸುಮ್ನೆ ಅಂದಾಜಿನಲ್ಲಿ ಬರೆಯಬೇಡಿ. 17ನೇ ಶತಮಾನದ ನಡುವೆ ರಷ್ಯನ್ ಚರ್ಚಿನಲ್ಲಿ ಶಿಲುಬೆಯ ಗುರುತಿಗೆ ಎರಡು ಬೆರಳೋ ಮೂರು ಬೆರಳೋ ಎಂಬ ಪ್ರಶ್ನೆಯ ಸುತ್ತ ಚರ್ಚೇ ಒಡೆದುಹೋಯಿತು. ಹಳೆಯ ಮಾದರಿಯಲ್ಲಿ ಎರಡು ಬೆರಳು ಚಾಚಿದ್ದರೆ ನೀವೂ ಹಾಗೇ ಬರೆಯಿರಿ. ಎಡಗೈಯಲ್ಲಿ ಸುರುಳಿ.

ಚಿನ್ನ ಬೇಕಾ?

ಮೈಸೂರು ಶೈಲಿ ಕಲಿತವರಿಗೆ ಚಿನ್ನದ ರೇಕು ಹೊಸದಲ್ಲ. ಅವರು ಪ್ರಭಾವಳಿಗೆ ಧೈರ್ಯವಾಗಿ ರೇಕು ಹಾಕಬಹುದು. ಆದರೆ ಮೈಸೂರು ಚಿತ್ರದಲ್ಲಿ ಚಿನ್ನ ಕೂರುವುದು ಉಬ್ಬಿಸಿದ ಕೆಲಸದ ಮೇಲೆ, ಇಲ್ಲಿ ಸಮತಟ್ಟಾದ ಲೆವ್ಕಾಸ್ ಮೇಲೆ. ಉಜ್ಜಿದ್ದು ಸರಿಯಾಗದಿದ್ದರೆ ಒಂದೊಂದು ಗೀರನ್ನೂ ಚಿನ್ನ ಎತ್ತಿ ತೋರಿಸುತ್ತದೆ. ಎಣ್ಣೆಯ ಅಂಟು ಬಳಿದು, ಬೆರಳ ಗೆಣ್ಣು ತಾಗಿಸಿದಾಗ ಅಂಟಿದಂತಾಗಿಯೂ ಗುರುತು ಬೀಳದ ಹದಕ್ಕೆ ಬಂದಾಗ ರೇಕು ಇಳಿಸಿ. ಚಿನ್ನದ ಕೆಲಸ ಬಣ್ಣಕ್ಕಿಂತ ಮೊದಲೇ ಮುಗಿಯಬೇಕು, ಇಲ್ಲದಿದ್ದರೆ ರೇಕು ಬಣ್ಣಕ್ಕೂ ಅಂಟುತ್ತದೆ.

ಉಳಿದವರಿಗೆ ನನ್ನ ಸಲಹೆ: ಚಿನ್ನ ಬಿಡಿ, ಹಳದಿ ಓಕರ್ (ಮಣ್ಣಿನಿಂದ ಬರುವ ಬಣ್ಣ) ಹಚ್ಚಿ. ಉತ್ತರ ರಷ್ಯಾದ ಹಳ್ಳಿ ಐಕಾನ್‌ಗಳಲ್ಲಿ ಓಕರ್ ಹಿನ್ನೆಲೆ ಮಾಮೂಲು. ಸೆರ್ಗೆಯ್‌ಗಂತೂ ಅದೇ ಒಪ್ಪುತ್ತದೆ. ರಷ್ಯನ್ ಚರ್ಚಿನ ಮುಖ್ಯಸ್ಥರಾದ ಮಾಸ್ಕೋದ ಮೆಟ್ರೊಪಾಲಿಟನ್ ಅಲೆಕ್ಸಿಯ್ ತಮ್ಮ ನಂತರ ಇವರನ್ನೇ ಆ ಪೀಠಕ್ಕೆ ಕೂರಿಸಬೇಕೆಂದು ಚಿನ್ನದ ಶಿಲುಬೆ ಕೊಡಲು ಬಂದಾಗ, ಚಿಕ್ಕಂದಿನಿಂದ ಚಿನ್ನ ತೊಟ್ಟವನಲ್ಲ, ಮುಪ್ಪಿನಲ್ಲಿ ಬೇಡ ಎಂದು ಕೈಮುಗಿದುಬಿಟ್ಟರಂತೆ.

ಮೊಟ್ಟೆ ಬಣ್ಣ

ತಾಜಾ ಮೊಟ್ಟೆಯ ಬಿಳಿ ಭಾಗ ಬಸಿದುಬಿಡಿ. ಹಳದಿಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹಾಕುತ್ತಾ, ನಡುನಡುವೆ ಖಾಲಿ ಕೈಯನ್ನು ಬಟ್ಟೆಗೆ ಒರೆಸುತ್ತಾ ಒಣಗಿಸಿ. ಆಮೇಲೆ ಎರಡು ಬೆರಳಲ್ಲಿ ಅದರ ಪೊರೆ ಹಿಡಿದು ಬಟ್ಟಲಿನ ಮೇಲೆ ಎತ್ತಿ, ಕೆಳಗಿನಿಂದ ಸೂಜಿ ಚುಚ್ಚಿ. ಹಳದಿ ಸುರಿಯುತ್ತದೆ, ಪೊರೆ ಕೈಯಲ್ಲಿ ಉಳಿಯುತ್ತದೆ. ಅಷ್ಟೇ ಅಳತೆಯ ಡ್ರೈ ವೈಟ್ ವೈನ್ ಸೇರಿಸಿ. ವೈನ್ ಬೇಡದವರು ನೀರಿಗೆ ಸ್ವಲ್ಪ ವಿನೆಗರ್ ಹಾಕಿ. ಫ್ರಿಜ್‌ನಲ್ಲಿ ಕೆಲವು ದಿನ ಇರುತ್ತದೆ.

ಬಣ್ಣದ ಪುಡಿಯನ್ನು ಮೊದಲು ನೀರಲ್ಲಿ ಅರೆದು, ಸುಮಾರು ಅಷ್ಟೇ ಮೊಟ್ಟೆ ದ್ರವ ಸೇರಿಸಿ. ಚೂರು ಹಚ್ಚಿ ಒಣಗಿಸಿ ನೋಡಿ. ಬೆರಳಿಗೆ ಪುಡಿ ಬಂದರೆ ಮೊಟ್ಟೆ ಕಡಿಮೆ. ಜಿಡ್ಡಾಗಿ ಮಿಂಚಿದರೆ ಜಾಸ್ತಿ. ಹಳದಿ ಓಕರ್, ಕೆಂಪು ಓಕರ್, ಅಂಬರ್ (ಕಂದು ಮಣ್ಣು), ಹಸಿರು ಮಣ್ಣು, ಕಪ್ಪು, ಅಲ್ಟ್ರಾಮರೀನ್, ಟೈಟೇನಿಯಂ ಬಿಳಿ ಇದ್ದರೆ ಈ ಐಕಾನ್ ಮುಗಿಯುತ್ತದೆ. ಹಳಬರು ಬಳಸುತ್ತಿದ್ದ ಸೀಸದ ಬಿಳಿ, ಪಾದರಸದ ಕೆಂಪು ಎರಡೂ ವಿಷ. ಅವುಗಳ ಹತ್ತಿರ ಹೋಗಬೇಡಿ.

ಉಡುಪು

ಹಲಗೆಯನ್ನು ಮೇಜಿನ ಮೇಲೆ ಮಲಗಿಸಿಯೇ ಕೆಲಸ ಮಾಡಿ. ಬಣ್ಣ ನೀರಾಗಿರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ.

ಮೊದಲು ಹಿನ್ನೆಲೆ, ಆಮೇಲೆ ಬಟ್ಟೆಗಳಿಗೆ ತಳದ ಬಣ್ಣ. ಒಳ ನಿಲುವಂಗಿಗೆ ಓಕರ್ ಮಿಶ್ರಿತ ಕಂದು. ಹೊರಗಿನ ಮೇಲಂಗಿಗೆ ಕೆಂಪು ಬೆರೆತ ಗಾಢ ಕಂದು. ಎದೆಯ ಮೇಲೆ ಇಳಿಬಿದ್ದ ಕಡು ನೀಲಿ ಪಟ್ಟಿ ‘ಸ್ಖಿಮಾ’, ಸನ್ಯಾಸದ ಅತಿ ಕಠಿಣ ವ್ರತ ಹಿಡಿದವರ ಗುರುತು. ಅದರ ಮೇಲೆ ಶಿಲುಬೆಗಳು. ಭುಜದ ಮೇಲೆ ಹಿಂದಕ್ಕೆ ಸರಿಸಿದ ಕುಲಾವಿ. ತಳದ ಬಣ್ಣವನ್ನು ಬ್ರಷ್ಷಲ್ಲಿ ತಿಕ್ಕಬೇಡಿ, ಪುಟ್ಟ ಕೊಳದಂತೆ ನಿಲ್ಲಿಸಿ ಅಂಚಿಗೆ ಎಳೆದು ಬಿಡಿ. ಒಣಗಿದ ಮೇಲೆ ಇನ್ನೊಂದು ಸಲ.

ಗೀರುಗಳ ಮೇಲೆ ಗಾಢ ಬಣ್ಣದಿಂದ ಮಡಿಕೆಯ ಗೆರೆ ಎಳೆಯಿರಿ. ನಂತರ ಬೆಳಕು. ತಳದ ಬಣ್ಣಕ್ಕೆ ಬಿಳಿ ಸೇರಿಸಿ ಮೊಣಕೈ, ಭುಜ ಮುಂದೆ ಬರುವ ಕಡೆ ಹಚ್ಚಿ. ಎರಡನೆಯ ಸಲ ಇನ್ನೂ ತಿಳಿ, ಜಾಗ ಕಡಿಮೆ. ಮೂರನೆಯದು ಬರೀ ಗೆರೆ. ನೆರಳು ಹಾಕುವ ಕೆಲಸವೇ ಇಲ್ಲ. ಐಕಾನಿನಲ್ಲಿ ಬೆಳಕು ಒಂದು ಕಿಟಕಿಯಿಂದ ಬೀಳುವುದಿಲ್ಲ, ಆದ್ದರಿಂದ ಯಾವುದರ ನೆರಳೂ ಯಾವುದರ ಮೇಲೂ ಬೀಳುವುದಿಲ್ಲ.

ಮುಖ

ಇಲ್ಲಿಯವರೆಗೆ ಬಂದಿದ್ದರೆ ಕೈ ಪಳಗಿರುತ್ತದೆ. ಮುಖವನ್ನು ಕೊನೆಗಿಟ್ಟಿದ್ದರ ಲಾಭ ಇದು.

ಮುಖ, ಕುತ್ತಿಗೆ, ಕೈಗಳಿಗೆಲ್ಲ ಮೊದಲು ‘ಸಂಕಿರ್’ ಹಚ್ಚಬೇಕು. ಹಳದಿ ಓಕರ್‌ಗೆ ಹಸಿರು ಮಣ್ಣು, ಚೂರು ಕಪ್ಪು ಸೇರಿಸಿದರೆ ಬರುವ ಮಂಕು ಹಸಿರುಗಂದು. ನೋಡಿದವರು ‘ಇದೇನ್ರೀ, ಹೆಣದ ಬಣ್ಣ?’ ಎನ್ನುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ಎರಡು ಮೂರು ತೆಳು ಪದರ ಹಾಕಿ, ಕಲೆಯಿಲ್ಲದಂತೆ ಸಮವಾಗಿರಲಿ. ಕಣ್ಣು, ಹುಬ್ಬು, ಮೂಗು, ತುಟಿಯ ಗೆರೆಗಳನ್ನು ಗಾಢ ಕಂದಿನಲ್ಲಿ ಮತ್ತೆ ಎಳೆಯಿರಿ.

ಈಗ ಓಕರ್ ಪದರಗಳು. ಮೊದಲನೆಯದರಲ್ಲಿ ಹಳದಿ ಓಕರ್, ಸ್ವಲ್ಪ ಕೆಂಪು, ಚೂರೇ ಚೂರು ಬಿಳಿ. ಹಣೆ, ಕೆನ್ನೆಮೂಳೆ, ಮೂಗಿನ ದಿಂಡು, ಕಣ್ಣಿನ ಕೆಳಗಿನ ಉಬ್ಬು. ಕಣ್ಣಿನ ಗುಳಿ, ಮೂಗಿನ ಪಕ್ಕ, ಗಡ್ಡದ ಅಂಚುಗಳಲ್ಲಿ ಸಂಕಿರ್ ಹಾಗೇ ಉಳಿಯಬೇಕು. ಎರಡನೆಯ ಪದರ ತಿಳಿಯಾಗಿ, ಮೊದಲನೆಯದರ ಒಳಗೇ. ಮೂರನೆಯದು ಇನ್ನೂ ಚಿಕ್ಕದು. ಪದರದಿಂದ ಪದರಕ್ಕೆ ಅಂಚು ಕಾಣದಂತೆ ಮಾಡಲು ಎರಡು ದಾರಿ. ಒಂದು, ಬಣ್ಣವನ್ನು ನೀರಾಗಿ ತೇಲಿಸುವುದು. ಇನ್ನೊಂದು, ಕೂದಲಿನಂಥ ಗೆರೆಗಳನ್ನು ಒತ್ತೊತ್ತಾಗಿ ಎಳೆಯುವುದು. ತೇಲಿಸುವುದು ನೋಡಲು ಚೆಂದ, ಆದರೆ ಹತೋಟಿ ತಪ್ಪಿದರೆ ಕೆಳಗಿನ ಪದರವೂ ಎದ್ದು ಬರುತ್ತದೆ. ಹೊಸಬರು ಗೆರೆಯ ದಾರಿ ಹಿಡಿಯಿರಿ. ಒಂದನೇ ನಂಬರಿನ ಬ್ರಷ್, ಅರೆ ಒಣ ತುದಿ, ಮುಖದ ಉಬ್ಬನ್ನು ಅನುಸರಿಸುವ ಗೆರೆ.

ನಡುವೆ ತುಟಿಗೆ, ಕೆನ್ನೆಯಂಚಿಗೆ ಕೆಂಪು ಓಕರ್ ತೀರಾ ತೆಳುವಾಗಿ. ಉಪವಾಸ ಮಾಡಿದ ಸನ್ಯಾಸಿಯ ಮುಖ ಇದು, ಕೆನ್ನೆ ತುಂಬಿಸಬೇಡಿ, ಬಾಯಿ ಚಿಕ್ಕದಿರಲಿ.

ಕಣ್ಣಿನ ವಿಷಯದಲ್ಲಿ ಜಾಗ್ರತೆ. ಬಿಳಿಗುಡ್ಡೆಗೆ ಅಚ್ಚ ಬಿಳಿ ಹಾಕಿದರೆ ಸಂತರು ಗಾಬರಿಯಾದಂತೆ ಕಾಣುತ್ತಾರೆ. ಬಿಳಿಗೆ ಸಂಕಿರ್ ಬೆರೆಸಿ ಬೂದು ಮಾಡಿ, ಪಾಪೆಯ ಎರಡೂ ಬದಿಗೆ ಚೂರು ಹಚ್ಚಿ. ಭಾವಚಿತ್ರದಲ್ಲಿ ಹಾಕುವ ಹಾಗೆ ಕಣ್ಣಲ್ಲಿ ಹೊಳಪಿನ ಚುಕ್ಕೆ ಇಡುವಂತಿಲ್ಲ.

ಗಡ್ಡ, ತಲೆಗೂದಲು ತಳದಲ್ಲಿ ಕಂದು, ಮೇಲೆ ಓಕರ್ ಎಳೆಗಳು, ಅಲ್ಲೊಂದು ಇಲ್ಲೊಂದು ನರೆ. ಎಲ್ಲ ಒಣಗಿದ ಮೇಲೆ ಅಚ್ಚ ಬಿಳಿಯ ಕೆಲವೇ ಗೀಟುಗಳು: ಹುಬ್ಬಿನ ಮೇಲೆ, ಕಣ್ಣಿನ ಕೆಳಗೆ, ಮೂಗಿನ ತುದಿಯಲ್ಲಿ, ಬೆರಳ ಗೆಣ್ಣಿನಲ್ಲಿ. ಇನ್ನೊಂದು ಹಾಕೋಣ ಅನ್ನಿಸಿದಾಗ ಬ್ರಷ್ ಕೆಳಗಿಡಿ.

ಹೆಸರು

ಹೆಸರಿಲ್ಲದ ಐಕಾನ್ ಪೂರ್ತಿಯಾದಂತಲ್ಲ. 787ರಲ್ಲಿ ಸೇರಿದ ಚರ್ಚಿನ ನಿಕೇಯಾ ಸಭೆ ಹೇಳಿದ ಪ್ರಕಾರ, ಚಿತ್ರಕ್ಕೆ ಸಲ್ಲಿಸಿದ ಗೌರವ ಚಿತ್ರದಲ್ಲಿರುವ ವ್ಯಕ್ತಿಗೆ ಸಲ್ಲುತ್ತದೆ. ಆ ವ್ಯಕ್ತಿ ಯಾರೆಂದು ಗೊತ್ತಾಗಬೇಕಲ್ಲ. ಪ್ರಭಾವಳಿಯ ಎರಡು ಬದಿಯಲ್ಲಿ ಕೆಂಪು ಅಕ್ಷರದಲ್ಲಿ ‘ಪ್ರೆಪೊದೊಬ್ನಿಯ್ ಸೆರ್ಗಿಯ್’ ಎಂದು ಸ್ಲಾವ್ ಲಿಪಿಯಲ್ಲಿ ಬರೆಯುವುದು ರೂಢಿ. ಮೊದಲ ಪದ ಸನ್ಯಾಸಿ ಸಂತರಿಗೆ ಮೀಸಲಾದ ಬಿರುದು. ಕನ್ನಡದಲ್ಲಿ ಬರೆಯಬಹುದಾ? ಗ್ರೀಕರು ಗ್ರೀಕ್‌ನಲ್ಲಿ, ಜಾರ್ಜಿಯಾದವರು ಜಾರ್ಜಿಯನ್‌ನಲ್ಲಿ, ಸಿರಿಯಾ ಲೆಬನಾನ್‌ಗಳಲ್ಲಿ ಅರಬ್ಬಿಯಲ್ಲಿ ಬರೆಯುತ್ತಾ ಬಂದಿದ್ದಾರೆ. ಕನ್ನಡಕ್ಕೆ ಅಡ್ಡಿ ನನಗಂತೂ ಕಾಣುವುದಿಲ್ಲ. ಅಕ್ಷರ ದುಂಡಗೆ, ಚಿಕ್ಕದಾಗಿ ಇರಲಿ.

ಒಲಿಫಾ

ಕಡೆಯ ರಕ್ಷಣೆಗೆ ಹಚ್ಚುವುದು ಕಾಯಿಸಿದ ಅಗಸೆ ಎಣ್ಣೆ, ‘ಒಲಿಫಾ’. ಬಣ್ಣ ಮುಗಿದ ಮೇಲೆ ಕೆಲವು ವಾರ ಕಾಯಿರಿ. ಹಲಗೆ ಮಲಗಿಸಿ, ಎಣ್ಣೆ ಸುರಿದು, ಅಂಗೈಯಿಂದ ಹರಡಿ. ಬಣ್ಣ ಹೀರುವ ಕಡೆ ಮಂಕಾಗುತ್ತದೆ, ಅಲ್ಲಿಗೆ ಮತ್ತೆ ಎಣ್ಣೆ ತಳ್ಳಿ. ಅಂಟಂಟಾಗಲು ಶುರುವಾದಾಗ ಹೆಚ್ಚಿನದನ್ನು ಅಂಗೈಯಿಂದಲೇ ಬಾಚಿ ತೆಗೆಯಿರಿ. ತೀರಾ ತೆಳು ಪೊರೆ ಮಾತ್ರ ಉಳಿಯಬೇಕು. ಧೂಳು ಬೀಳದಂತೆ ಮುಚ್ಚಿ ಒಣಗಿಸಿ.

ಒಲಿಫಾ ಬಣ್ಣಕ್ಕೆ ಆಳ ಕೊಡುತ್ತದೆ, ಆದರೆ ದಶಕಗಳು ಕಳೆದಂತೆ ಕಪ್ಪಾಗುತ್ತದೆ. ಸೆರ್ಗೆಯ್ ನೆನಪಿಗೆಂದು ಅವರ ಮಠಕ್ಕೆ ರುಬ್ಲ್ಯೋವ್ ಬರೆದ ‘ತ್ರಿತ್ವ’ ಐಕಾನಿನ ಮೇಲಿನ ಕಪ್ಪು ಎಣ್ಣೆ ಮತ್ತು ತಿದ್ದಿದ ಬಣ್ಣವನ್ನು 1904ರಲ್ಲಿ ವಾಸಿಲಿ ಗುರ್ಯಾನೊವ್ ತೆಗೆಯತೊಡಗಿದಾಗಲೇ ಅದರೊಳಗಿನ ನೀಲಿ ಜನರಿಗೆ ಕಂಡದ್ದು. ಬಣ್ಣ ಮಂಕಾಗುವುದು ಬೇಡ ಎನ್ನುವವರು ಈಗಿನ ತೆಗೆಯಬಹುದಾದ ವಾರ್ನಿಷ್ ಹಚ್ಚುತ್ತಾರೆ. ಅದೂ ತಪ್ಪಲ್ಲ.

ಒಂದು ಮಾತ್ರ ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ.

ಸಹಿ ಮುಂದೆ ಹಾಕುವ ರೂಢಿಯಿಲ್ಲ. ಬೇಕಿದ್ದರೆ ಹಿಂಬದಿಯಲ್ಲಿ ಹೆಸರು, ವರ್ಷ, ಬಳಸಿದ ಬಣ್ಣಗಳ ಪಟ್ಟಿ ಬರೆದಿಡಿ. ಮುಂದೆ ಯಾರಾದರೂ ರಿಪೇರಿ ಮಾಡುವಾಗ ಆ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಗೋಡೆಗೆ ಹಾಕುವಾಗ ಎಸಿ ಗಾಳಿ, ನೇರ ಬಿಸಿಲು, ಅಡುಗೆಮನೆಯ ಹಬೆ ತಪ್ಪಿಸಿ. ಧೂಳಿಗೆ ಮೆದುವಾದ ಒಣ ಬ್ರಷ್ ಸಾಕು, ಒದ್ದೆ ಬಟ್ಟೆ ತಾಗಿಸಬೇಡಿ.